ಬಾಗಿಲಿಗೊಮ್ಮೆ ನಿಲ್ಲುತ್ತಿದ್ದ ಫೌಜಿ ಚಾಚಾ

ಉಸಿರೆಳೆದಾಗ ಫೌಜಿ ಚಾಚಾನ ಗಂಟಲ ಕೆಳಗೆ ಒಂದು ಕುಳಿ ಬೀಳುತ್ತಿತ್ತು. ಅದನ್ನು ಮುಚ್ಚಲು ಬೇಸಿಗೆಯಲ್ಲೂ ಖಾಕಿ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಇಸ್ತ್ರಿ ಅಂಗಿ, ನೆಟ್ಟನೆಯ ಬೆನ್ನು, ಹುರಿ ಮೀಸೆ. ಎಪ್ಪತ್ತರ ದಶಕದ ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಅವರಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ ಎಂದೇ ನಂಬಿದ್ದೆವು. ಪ್ರತಿ ಬಾಗಿಲ ಮುಂದೆ ನಿಂತು "ಆರಾಮ ಅದೀರಿಲ್ರಿ?" ಎಂದು ಕೇಳದೆ ಅವರು ಮುಂದೆ ಹೋದವರಲ್ಲ.

ಮಿಲಿಟರಿ ವರ್ಕ್‌ಶಾಪಿನ ಮುಚ್ಚಿದ ಶೆಡ್ಡಿನಲ್ಲಿ ವರ್ಷಗಟ್ಟಲೆ ಟ್ರಕ್ಕುಗಳಿಗೆ ಹಸಿರು ಸ್ಪ್ರೇ ಬಣ್ಣ ಹೊಡೆದು, ದಮ್ಮು ಹತ್ತಿ, ಅವಧಿಗೆ ಮೊದಲೇ ಮನೆಗೆ ಬಂದವರು. ಆಮೇಲೆ ಗದಗಿನಲ್ಲಿ ಅರಳೆಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ವಾಚ್‌ಮನ್ ಆದರು. ಅಲ್ಲಿಯ ಧೂಳು ಗಂಡನನ್ನು ನುಂಗಿಬಿಡುತ್ತದೆಂದು ಚಾಚಿಗೆ ಹೆದರಿಕೆ. ಬಣ್ಣದ ವಿಷದಿಂದಲೇ ರೋಗ ಬಂದದ್ದು ಎಂದು ಸರಕಾರ ಒಪ್ಪಿ ಪಿಂಚಣಿ ಕೊಟ್ಟರೆ ಮಾತ್ರ ಆ ಕೆಲಸ ಬಿಡಬಹುದಿತ್ತು. ಆದರೆ ಮೊದಲ ಸಲ ಮೆಡಿಕಲ್ ಬೋರ್ಡಿನವರು ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಈ ಮಹಾರಾಯರು ಎದೆ ಸೆಟೆಸಿ, "ಆರಾಮ್ರಿ ಸಾಹೇಬ್ರ!" ಅಂದುಬಿಟ್ಟರು. ಅರ್ಜಿ ಅಲ್ಲಿಗೇ ಬಿತ್ತು.

ಮರುಪರೀಕ್ಷೆಗೆ ಕರೆ ಬಂದಾಗ ಚಾಚಿ ನನ್ನ ಮಗ್ಗದ ಹತ್ತಿರ ಬಂದರು. "ತಮ್ಮಾ, ಈ ಸಲ ನೀ ಜೋಡಿ ಹೋಗಪಾ. ಒಬ್ಬರ ಹೋದ್ರ ಮತ್ತ ಆರಾಮ ಅಂದು ಬರ್ತಾರ."

ಮಿಲಿಟರಿ ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯವರು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಆರಾಮ. ನನಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ, "ಬನ್ನಿ, ವಾರ್ಡಿನ ಆ ತುದಿವರೆಗೆ ನಡೆಯೋಣ" ಎಂದರು. ಮೊದಲ ಮಂಚದ ಹತ್ತಿರವೇ ಚಾಚಾ ನಿಂತರು. "ಏನಪಾ, ಆರಾಮ ಅದಿಯಿಲ್ಲೋ?" ಕನ್ನಡ ಬಾರದ ರೋಗಿ ಕಣ್ಣು ಪಿಳುಕಿಸಿದ. ಮುಂದಿನ ಮಂಚಕ್ಕೆ, "ಊಟಾ ಆತೇನ್ರಿ?"

"ಊರಲ್ಲೂ ಇವರು ಹೀಗೇನಾ?" ಡಾಕ್ಟರು ನನ್ನನ್ನು ಕೇಳಿದರು.

"ಹೌದ್ರಿ, ಒಂದ ಬಾಗಿಲಾನೂ ಬಿಡಂಗಿಲ್ರಿ. ಭಾಳ ದೊಡ್ಡ ಮನಸರಿ ಅವರದು!" ಎಂದು ಹೆಮ್ಮೆಯಿಂದ ಹೊಗಳಿದೆ.

"ಮನಸ್ಸು ದೊಡ್ಡದೇ. ಆದರೆ ಉಸಿರು ಸಾಲದೆ ನಿಲ್ಲುತ್ತಿದ್ದಾರೆ ಕಣಪ್ಪಾ."

ಚಾಚಾ ತಲೆ ತಗ್ಗಿಸಿದರು. ಡಾಕ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿ ಆ ಶೆಡ್ಡಿನ ವಿಷಯ ಕೇಳಿದರು. "ಮೂಗಿಗೆ ಅರಿವಿ ಕಟ್ಟಿಕೊಂತಿದ್ವಿರಿ ಸಾಹೇಬ್ರ. ಆದ್ರೂ ಸಂಜೀಕ ಉಗುಳಿದ್ರ ಹಸರ ಬರತಿತ್ತು" ಎಂದರು ಚಾಚಾ, ಬಹಳ ಸಣ್ಣ ದನಿಯಲ್ಲಿ.

ಪಿಂಚಣಿ ಮಂಜೂರಾಯಿತು. ಚಾಚಿ ಓಣಿಗೆಲ್ಲ ಸಕ್ಕರೆ ಹಂಚಿದರು. ಚಾಚಾ ಜಿನ್ನಿನ ಕೆಲಸ ಬಿಟ್ಟರು. ಅಬ್ಬಾ, ಎಷ್ಟು ಹಗುರಾಯಿತು ಜೀವ! ಮರುದಿನ ಅವರು ಮಫ್ಲರ್ ಇಲ್ಲದೆ ಬಂದು ನಮ್ಮ ಬಾಗಿಲಲ್ಲಿ ನಿಂತರು. ನಾನು ಎಂದಿನ ಪ್ರಶ್ನೆಗೆ ಕಾದೆ.

"ದಮ್ಮ ಹತ್ತೇತಿ ತಮ್ಮಾ, ಒಂದೀಟು ಕುಂಡ್ರತೀನಿ" ಎಂದರು.

ಅಂದಿನಿಂದ ಓಣಿಯ ಬಾಗಿಲುಗಳಲ್ಲಿ ಅವರಿಗಾಗಿ ಸ್ಟೂಲುಗಳು ಬಂದವು. ಧೂಳಿನ ಗೊಡವೆಯಿಲ್ಲದೆ ಚಾಚಾ ಹಲವು ವರ್ಷ ನೆಮ್ಮದಿಯಿಂದ ಬದುಕಿ, ಎಂಬತ್ತರ ದಶಕದಲ್ಲಿ ಚಾಚಿಯ ಮಗ್ಗುಲಲ್ಲೇ ಕಣ್ಣು ಮುಚ್ಚಿದರು. ಅವರ ಜನಾಜಾ ಹೊತ್ತು ಓಣಿಯಲ್ಲಿ ಬರುವಾಗ ಪ್ರತಿ ಮನೆಯಿಂದಲೂ ಯಾರಾದರೊಬ್ಬರು ಹೆಗಲು ಕೊಡಲು ಇಳಿದು ಬಂದರು. ಹಾಗಾಗಿ ಅಂದೂ ಅವರು ಬಾಗಿಲಿಗೊಮ್ಮೆ ನಿಂತೇ ಮುಂದೆ ಹೋದರು. ನಮ್ಮ ಬಾಗಿಲು ಬಂದಾಗ ನಾನು ಹೆಗಲು ಕೊಟ್ಟೆ.