ಆಫೀಸಕ್ಕನ ಸೋಮವಾರ

ಬಿಸ್ಕತ್ತು ಕಾರ್ಖಾನೆಯ ಕಾರ್ಮಿಕ ಸಂಘದ ಕಚೇರಿ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹೆಂಗಸನ್ನು ಎಲ್ಲರೂ ಆಫೀಸಕ್ಕ ಎನ್ನುತ್ತಿದ್ದರು. ಕಸ ಗುಡಿಸಲು ಬಂದವಳು. ಆಮೇಲೆ ಚಹಾ ಮಾಡುವುದು, ಕರಪತ್ರ ಮಡಚುವುದು, ಟೈಪ್ ಮಾಡುವುದು ಒಂದೊಂದಾಗಿ ಅವಳ ಹೆಗಲೇರಿದವು. ಕೊನೆಗೆ ಯಾವ ಕಾಗದ ಯಾವ ಕಡತದಲ್ಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತು ಎನ್ನುವಂತಾಯಿತು.

ಗಂಡ ತೀರಿಕೊಂಡ ಮೇಲೆ ಅವಳು ತಂಗಿಯ ಜೊತೆ ಇದ್ದಳು. ತಂಗಿ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಸಂಘ ಹೋರಾಡಿ ಪ್ಯಾಕಿಂಗಿನವರಿಗೆ ಭಾನುವಾರದ ರಜೆ ಕೊಡಿಸಿತು. ರಜೆ ಸಿಕ್ಕವರೆಲ್ಲ ಸಭೆಗೆ ಬರುತ್ತಿದ್ದುದು ಅವತ್ತೇ ಆದ್ದರಿಂದ ಅಕ್ಕನಿಗೆ ಮಾತ್ರ ಭಾನುವಾರವೇ ಬೆನ್ನು ಮುರಿಯುವ ದಿನವಾಯಿತು. ಎಂಟು ಗಂಟೆಯ ದುಡಿಮೆಯ ಬಗ್ಗೆ ಅಧ್ಯಕ್ಷರು ಭಾಷಣ ಮುಗಿಸುವ ಹೊತ್ತಿಗೆ ಅವಳದು ಹನ್ನೊಂದನೇ ಗಂಟೆ ನಡೆದಿರುತ್ತಿತ್ತು.

ಮೊಣಕಾಲು ಹಿಡಿದುಕೊಳ್ಳುವವರೆಗೆ ಅವಳಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ವಾರಕ್ಕೊಂದು ದಿನವಾದರೂ ಮೆಟ್ಟಿಲು ಹತ್ತಬೇಡಿ ಎಂದರು ವೈದ್ಯರು. ಅದನ್ನೇ ಅವಳು ಅಧ್ಯಕ್ಷರಿಗೆ ಹೇಳಿದಳು. ಅವರು ಒಳ್ಳೆಯವರು, ಕಾರ್ಮಿಕರಿಗಾಗಿ ಎರಡು ಸಲ ಜೈಲಿಗೆ ಹೋಗಿ ಬಂದವರು. ಕನ್ನಡಕ ತೆಗೆದು ನಿಜವಾಗಿಯೂ ಮರುಗಿದರು.

“ಇದು ನೌಕರಿ ಅಲ್ಲಕ್ಕ, ಚಳವಳಿ. ನಾವೆಲ್ಲ ಒಂದೇ ಮನೆಯವರ ಥರ. ಮನೆಯವರಿಗೆ ರಜೆ ಅಂತ ಇರುತ್ತಾ?”

ಕಾರ್ಖಾನೆಯ ಮಾಲೀಕರೂ ಹಿಂದಿನ ವರ್ಷ ಇದೇ ಮಾತು ಆಡಿದ್ದರು. ಅದನ್ನು ಗೇಲಿ ಮಾಡಿ ಸಂಘ ಹಂಚಿದ ಎರಡು ಸಾವಿರ ಕರಪತ್ರಗಳನ್ನು ಮಡಚಿದವಳು ಆಫೀಸಕ್ಕನೇ. ಅವಳು ಲೋಟ ತೊಳೆಯಲು ಹೋದಳು.

ಮರುದಿನ ಅಧ್ಯಕ್ಷರ ಮೇಜಿನ ಮೇಲೆ ನೋಟಿಸ್ ಇತ್ತು. ವಾರಕ್ಕೊಂದು ರಜೆ, ಎಂಟು ಗಂಟೆ ಕೆಲಸ, ನೇಮಕಾತಿ ಪತ್ರ; ಗಡುವು ಹದಿನಾಲ್ಕು ದಿನ. ಹುಡುಕಿದರೂ ಒಂದು ತಪ್ಪು ಸಿಗುವಂತಿರಲಿಲ್ಲ. ಕಾರ್ಖಾನೆಗೆ ಹೋಗುವ ನೋಟಿಸುಗಳನ್ನೆಲ್ಲ ಟೈಪ್ ಮಾಡಿ ಪಳಗಿದ ಕೈ. ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳುವುದನ್ನೂ ಅವಳು ಮರೆಯಲಿಲ್ಲ. ಸಮಿತಿ ಸೇರಿ, ವಿಷಯ ಪರಿಶೀಲಿಸಲು ಮೂವರ ಉಪಸಮಿತಿ ಮಾಡಿತು. ಉಪಸಮಿತಿಗೆ ಚಹಾ ಕೊಟ್ಟವಳೂ ಅವಳೇ. ಇಂಥ ಹೊತ್ತಲ್ಲಿ ನಮ್ಮೊಳಗೆ ಒಡಕು ಕಂಡರೆ ಮಾಲೀಕರಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಎಂದು ಕಾರ್ಯದರ್ಶಿ ಬುದ್ಧಿ ಹೇಳಿದ. ಸರಿಯಾದ ಹೊತ್ತು ಯಾವಾಗಿತ್ತು ಎಂದು ಅವಳು ಕೇಳಿದಳು.

ಹದಿನೈದನೆಯ ದಿನ ಭಾನುವಾರ. ಬೀಗದ ಕೈಯನ್ನು ಕಾರ್ಯದರ್ಶಿಯ ಮನೆಗೆ ಮುಟ್ಟಿಸಿ ಬಂದು ಆಫೀಸಕ್ಕ ಕಚೇರಿಯ ಮೆಟ್ಟಿಲ ಬುಡದಲ್ಲಿ ಕೂತಳು. ಕೈಯಲ್ಲಿ ‘ವಾರದ ರಜೆ ನಮ್ಮ ಹಕ್ಕು’ ಎಂಬ ಫಲಕ. ಪ್ಯಾಕಿಂಗಿನವರ ಮುಷ್ಕರದ್ದು, ಹೊಸದಾಗಿ ಬರೆಸುವ ಅಗತ್ಯ ಬೀಳಲಿಲ್ಲ. ಅಧ್ಯಕ್ಷರೂ ಕಾರ್ಯದರ್ಶಿಯೂ ಅವಳ ಪಕ್ಕದಲ್ಲೇ ನುಸುಳಿ ಮೇಲೆ ಹೋದರು.

ಅವತ್ತು ಸರ್ವಸದಸ್ಯರ ಸಭೆ. ಹತ್ತು ಗಂಟೆಗೆ ಪ್ಯಾಕಿಂಗಿನ ಹೆಂಗಸರು ಬಂದರು, ಎಲ್ಲರಿಗಿಂತ ಮುಂದೆ ತಂಗಿ. ಮುಷ್ಕರಕ್ಕೆ ಕೂತವರನ್ನು ದಾಟಿ ಒಳಗೆ ಹೋಗುವವರು ದ್ರೋಹಿಗಳು ಎಂದು ಅಧ್ಯಕ್ಷರೇ ಅವರಿಗೆ ವರ್ಷಗಟ್ಟಲೆ ಪಾಠ ಹೇಳಿದ್ದರು. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಹನ್ನೊಂದಾಗುವಷ್ಟರಲ್ಲಿ ಬೀದಿಯಲ್ಲಿ ನೂರೈವತ್ತು ಜನ. ಮೇಲೆ ಇಬ್ಬರು ಪದಾಧಿಕಾರಿಗಳು ಮತ್ತು ಖಾಲಿ ಬೆಂಚುಗಳು.

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಮ್ಯಾನೇಜರು ಕಾವಲುಗಾರನ ಕೈಯಲ್ಲಿ ಒಂದು ಮೆತ್ತನೆಯ ಕುರ್ಚಿಯನ್ನೂ ತಮ್ಮ ಬೆಂಬಲವನ್ನೂ ಕಳಿಸಿಕೊಟ್ಟರು. ಆಫೀಸಕ್ಕನಿಗೆ ಅವತ್ತು ಸಿಟ್ಟು ಬಂದದ್ದು ಆಗಲೇ.

“ವಾಪಸ್ ತಗೊಂಡು ಹೋಗಪ್ಪ. ನಿಮ್ಮಲ್ಲಿ ಪ್ಯಾಕಿಂಗಿನವರು ದಿನವಿಡೀ ನಿಂತೇ ಇರ್ತಾರಲ್ಲ, ಅವರಿಗೆ ಹಾಕಿ ಅಂತ ಹೇಳು.”

ಕಿಟಕಿಯಲ್ಲಿ ನಿಂತಿದ್ದ ಅಧ್ಯಕ್ಷರಿಗೆ ಇದು ಕೇಳಿಸಿತು. ಇಳಿದು ಬಂದು ಅವಳ ಪಕ್ಕ ಕೂತರು. ಇಷ್ಟು ವರ್ಷ ಇದು ತಮ್ಮ ಕಣ್ಣಿಗೇ ಬೀಳಲಿಲ್ಲವಲ್ಲ ಎಂದರು. ಬೀಳುವ ಜಾಗದಲ್ಲಿ ತಾನೂ ಕೂತಿರಲಿಲ್ಲ ಎಂದಳು ಅವಳು.

“ಭಾನುವಾರ ಸಭೆ ಇರುತ್ತೆ. ಸೋಮವಾರ ಆಗಬಹುದಾ, ಅಕ್ಕ?”

“ಆಗಬಹುದು. ಬರವಣಿಗೆಯಲ್ಲಿ ಕೊಡಿ.”

ಅಲ್ಲಿ ತೊಡಕು ಶುರುವಾಯಿತು. ಕಾರ್ಯದರ್ಶಿ ಅರ್ಧ ಗಂಟೆ ತಡಕಾಡಿದರೂ ಸಂಘದ ಹೆಸರಿದ್ದ ಕಾಗದ ಸಿಗಲಿಲ್ಲ. ಸಿಕ್ಕ ಮೇಲೆ ಟೈಪ್ ಮಾಡಲು ಬರಲಿಲ್ಲ. ಕೊನೆಗೆ ಮುಷ್ಕರವನ್ನು ಇಪ್ಪತ್ತು ನಿಮಿಷ ಅಮಾನತಿನಲ್ಲಿಟ್ಟು ಆಫೀಸಕ್ಕನೇ ಮೇಲೆ ಹೋದಳು. ತನ್ನ ಬೇಡಿಕೆಗಳನ್ನು ಸಂಘ ಒಪ್ಪಿದೆ ಎಂಬ ಪತ್ರವನ್ನು ತಾನೇ ಟೈಪ್ ಮಾಡಿ ಅಧ್ಯಕ್ಷರ ಮುಂದಿಟ್ಟಳು. ಅವರು ಹಾಗೇ ಸಹಿ ಹಾಕಲು ಹೊರಟಾಗ ಕೈ ಅಡ್ಡ ಹಿಡಿದು, ಮೊದಲು ಓದಿ ಎಂದಳು.

ಮೊದಲ ಸೋಮವಾರ ತಂಗಿ ಕೆಲಸಕ್ಕೆ ಹೋದ ಮೇಲೆ ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿದಳು. ಮಧ್ಯಾಹ್ನ ಕಾರ್ಯದರ್ಶಿ ಯಾವುದೋ ಕಡತ ಕೇಳಿಕೊಂಡು ಬಂದ. ನಾಳೆ ತೆಗೆದುಕೊಡುತ್ತೇನೆ ಎಂದು ಹೇಳಿ ಕಳಿಸಿ ಮಲಗಿದಳು. ತಂಗಿ ಬಂದು ಬಾಗಿಲು ಬಡಿಯುವವರೆಗೂ ಎಚ್ಚರವಾಗಲಿಲ್ಲ.

ಆ ವರ್ಷದ ವಾರ್ಷಿಕ ವರದಿಯಲ್ಲಿ, ಸಂಘದ ನಿರಂತರ ಹೋರಾಟದ ಫಲವಾಗಿ ಇನ್ನೊಂದು ಕಚೇರಿಯಲ್ಲೂ ವಾರದ ರಜೆ ಜಾರಿಗೆ ಬಂತು ಎಂದು ಕಾರ್ಯದರ್ಶಿ ಬರೆದಿದ್ದ. ಯಾವ ಕಚೇರಿ ಎಂದು ಬರೆದಿರಲಿಲ್ಲ. ಟೈಪ್ ಮಾಡುವಾಗ ಆಫೀಸಕ್ಕ ವಿಳಾಸ ಸೇರಿಸಿದಳು. ಅಧ್ಯಕ್ಷರು ಈ ಸಲ ಓದಿಯೇ ಸಹಿ ಹಾಕಿದರು.