ಲೆಕ್ಕಕ್ಕಿಲ್ಲದ ಬಸಿರು

"ಎಷ್ಟನೇ ಬಸಿರು?" ಡಾಕ್ಟರು ಮರಾಠಿಯಲ್ಲಿ ಕೇಳಿದರು. ಧಾರವಾಡದಿಂದ ಪುಣೆಗೆ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಸವಿತಾಗಾಗಲಿ, ಊರಿನಿಂದ ಬಂದಿದ್ದ ಅವಳ ಅತ್ತೆಗಾಗಲಿ ಮರಾಠಿ ಬಾರದೆಂದು ನಾನು ಜೊತೆಗೆ ಹೋಗಿದ್ದೆ. "ಚೊಚ್ಚಲಂತ ಹೇಳ್ರಿ" ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಸವಿತಾ ತಲೆ ತಗ್ಗಿಸಿದಳು. ಹಿಂದಿನ ದೀಪಾವಳಿಯಲ್ಲಿ ಅವಳಿಗೆ ನಾಲ್ಕು ತಿಂಗಳಿಗೇ ಗರ್ಭ ಹೋಗಿತ್ತು. ಆಗ ಆಸ್ಪತ್ರೆಗೂ ಒಯ್ಯದೆ ಮನೆಯಲ್ಲೇ ಮುಚ್ಚಿಹಾಕಿದ್ದರು. ನಾನು ನಿಜ ಹೇಳಿಬಿಟ್ಟೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಸವಿತಾಳ ರಕ್ತ ಆರ್‌ಎಚ್ ನೆಗೆಟಿವ್, ಗಂಡನದು ಪಾಸಿಟಿವ್. ಗರ್ಭ ಹೋದಾಗ ಅಪ್ಪನಂತೆ ಪಾಸಿಟಿವ್ ಆದ ಮಗುವಿನ ರಕ್ತ ತಾಯಿಯ ರಕ್ತದಲ್ಲಿ ಬೆರೆತರೆ, ಅವಳ ಮೈ ಅದನ್ನು ವೈರಿಯೆಂದು ನೆನಪಿಟ್ಟುಕೊಂಡು ಮುಂದಿನ ಕೂಸಿನ ರಕ್ತವನ್ನು ಹಾಳುಮಾಡಬಹುದಂತೆ. ಆಗಲೇ, ಮೂರು ದಿನದೊಳಗೆ, ಒಂದು ಇಂಜೆಕ್ಷನ್ ಕೊಡಿಸಿದ್ದರೆ ಸಾಕಿತ್ತಂತೆ!

ಹೊರಬಂದ ಮೇಲೆ ಅತ್ತೆ ನನ್ನ ಮೇಲೆಯೇ ಹರಿಹಾಯ್ದರು: "ಕುಬಸ ಮಾಡೂದು ಚೊಚ್ಚಲಕ್ಕ. ಮಂದೀನ್ನೆಲ್ಲಾ ಕರದೇವ್ರಿ. ಉಳೀಲಾರದ್ದನ್ನ ಯಾರ್ ಲೆಕ್ಕಕ್ಕ ಹಿಡೀತಾರ?"

ಸೀಮಂತದ ಆ ಕುಬಸ ಭರ್ಜರಿಯಾಗಿಯೇ ನಡೆಯಿತು. ಹುಟ್ಟಿದ ದಿನವೇ ಕೂಸಿನ ರಕ್ತ ಬದಲಿಸಬೇಕಾಯಿತು. ಪುಣ್ಯಕ್ಕೆ ಬದುಕಿತು. ನನ್ನ ಸಿಟ್ಟು ಮಾತ್ರ ಇಂದಿಗೂ ಆರಿಲ್ಲ. ಮನೆಯವರೆಲ್ಲ ಸೇರಿ ಮರೆಸಿದ್ದ ಆ ಮೊದಲ ಕೂಸನ್ನು ತಾಯಿಯ ರಕ್ತ ಮರೆತಿರಲಿಲ್ಲ.