ಕಿನಾರಾ ನೋಡಿ ತೆಗೆ

ಶಿವಾಜಿನಗರದ ಗಲ್ಲಿಯೊಂದರ ಮೊದಲ ಮಹಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತ, ರವಿಕೆ ಹೊಲಿಯುತ್ತ ಶರ್ಫುನ್ನೀಸಾ ಮೂವತ್ತು ವರ್ಷಕ್ಕೂ ಮೇಲೆ ಕಳೆದಿದ್ದಾಳೆ. ಅಸ್ತರಿನ ಬಟ್ಟೆ ಕೈಗೆ ಬಂತೆಂದರೆ ಅವಳ ಮೊದಲ ಕೆಲಸ ಅದರ ಕಿನಾರವನ್ನು, ಅಂದರೆ ಮಗ್ಗದಿಂದಲೇ ಬಿಗಿಯಾಗಿ ಬಂದ ಆ ಬೆರಳಗಲದ ಅಂಚನ್ನು, ತೆಗೆದು ಬುಟ್ಟಿಗೆ ಹಾಕುವುದು. ಬಿಟ್ಟರೆ ಒಂದೇ ಒಗೆತಕ್ಕೆ ಅಂಚು ಕುಗ್ಗುತ್ತದೆ, ಹೊಲಿಗೆ ಮುದುಡುತ್ತದೆ, ಗಿರಾಕಿ ಬಂದು ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತಾಳೆ.

ಈ ಅಭ್ಯಾಸವೇ ಮದುವೆಯಾದ ಹೊಸದರಲ್ಲಿ ಅವಳಿಗೆ ಮುಳುವಾಯಿತು. ಗಂಡ ವಾಜಿದ್ ಗಡಿಯಾರ ರಿಪೇರಿ ಮಾಡುವವನು. ಕೈಯಲ್ಲಿ ನಾಜೂಕು, ಮಾತಿನಲ್ಲಿ ಮಹಾ ಜಿಪುಣ. ಅವನಿಗೆ ಸ್ಟಾಂಪು ಕೂಡಿಡುವ ಹುಚ್ಚು. ಒಂದು ಮಧ್ಯಾಹ್ನ ಅವಳು ಆಲ್ಬಮ್ ಬಿಡಿಸಿದಾಗ ಹನ್ನೆರಡು ಸ್ಟಾಂಪುಗಳ ಪಕ್ಕದಲ್ಲಿ ಖಾಲಿ ಕಾಗದದ ಪಟ್ಟಿ ಹಾಗೇ ಅಂಟಿಕೊಂಡಿತ್ತು. ಪಾಪ, ಚೊಕ್ಕ ಮಾಡಲು ಅವನಿಗೆ ಪುರುಸೊತ್ತಾಗಿಲ್ಲ ಎಂದುಕೊಂಡಳು. ತೂತಿನ ಸಾಲಿಗೆ ಸರಿಯಾಗಿ ಮಡಚಿ, ಉಗುರಿನಿಂದ ಗೀರಿ, ಹನ್ನೆರಡು ಪಟ್ಟಿಗಳನ್ನೂ ಹರಿದು ಬುಟ್ಟಿಗೆ ಹಾಕಿದಳು. ಸಂಜೆ ಹೆಮ್ಮೆಯಿಂದ ತೋರಿಸಿದಳು ಕೂಡ.

ವಾಜಿದ್ ಒಂದು ಮಾತೂ ಆಡಲಿಲ್ಲ. ಆಲ್ಬಮ್ ಮುಚ್ಚಿ ಬೀರುವಿನ ಮೇಲಿಟ್ಟ. ಬೈದಿದ್ದರೆ ಅವಳು ಒಂದಿಷ್ಟು ಅತ್ತು ಮುಗಿಸುತ್ತಿದ್ದಳು. ಆ ಮೌನಕ್ಕೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆ ಖಾಲಿ ಕಾಗದ ಇದ್ದರೇ ಸ್ಟಾಂಪಿಗೆ ಬೆಲೆ, ಅಚ್ಚಾದ ದೊಡ್ಡ ಹಾಳೆಯ ಯಾವ ಮೂಲೆಯಿಂದ ಬಂತೆಂದು ಹೇಳುವುದೇ ಅದು ಎಂಬುದು ಆಮೇಲೆ ಯಾರಿಂದಲೋ ಗೊತ್ತಾಯಿತು. ಅಂದಿನಿಂದ ಅವಳು ಆಲ್ಬಮ್ ಮುಟ್ಟಿದವಳಲ್ಲ. ಬೀರುವಿನ ಮೇಲೆ ಧೂಳು ಹೊಡೆಯುವಾಗಲೂ ಅದರ ಸುತ್ತ ಹೊಡೆಯುತ್ತಿದ್ದಳು. ಹೀಗೆ ಮೂವತ್ತೊಂದು ವರ್ಷ ಕಳೆಯಿತು.

ಈಗ ವಾಜಿದನ ಕಣ್ಣಿಗೆ ಪೊರೆ ಬಂದಿದೆ. ಇವತ್ತೇ ಆಪರೇಷನ್. ಇವತ್ತೇ ಹಲಸೂರಿನ ಸಭಾಂಗಣದಲ್ಲಿ ಪ್ರದರ್ಶನಕ್ಕೆ ಸ್ಟಾಂಪು ಕೂರಿಸಿದ ಹಾಳೆಗಳನ್ನು ಕೊಡುವ ಕೊನೆಯ ದಿನ, ಐದು ಗಂಟೆಯ ಒಳಗೆ. ಹನ್ನೊಂದು ಹಾಳೆ ಅವನೇ ಹೇಗೋ ಮುಗಿಸಿದ್ದ. ಹನ್ನೆರಡನೆಯದಕ್ಕೆ ಕಣ್ಣು ಕೈಕೊಟ್ಟಿತು. ಬೆಳಿಗ್ಗೆ ಮಗಳು ತೂಬಾಳ ತೋಳು ಹಿಡಿದು ಮೆಟ್ಟಿಲಿಳಿಯುವಾಗ ಹೆಂಡತಿಯ ಕಡೆ ತಿರುಗಿದ.

“ಕೊನೇ ಪುಟದಲ್ಲಿ ಒಂದಕ್ಕೊಂದು ಸೇರಿರೋ ನಾಲ್ಕು ಸ್ಟಾಂಪಿದೆ. ಕಿನಾರಾ ದೇಖ್ ಕೋ ನಿಕಾಲ್. ಹಾಳೆಗೆ ಕೂರಿಸಿ ನೀನೇ ಕೊಟ್ಬಿಡು.”

ನೀನೇ ಎಂದನಲ್ಲ! ಆ ಖುಷಿಯಲ್ಲಿ ಅವಳು ಮತ್ತೇನೂ ಕೇಳಲಿಲ್ಲ.

ಎರಡು ಗಂಟೆಗೆ ಕೈ ತೊಳೆದು, ಒರೆಸಿ, ಆಲ್ಬಮ್ಮಿನ ಕೊನೇ ಪುಟ ಬಿಡಿಸಿದಳು. ನಾಲ್ಕು ಸ್ಟಾಂಪುಗಳ ಬಲಕ್ಕೆ ಅಗಲವಾದ ಅಂಚು, ಅದರ ಮೇಲೆ ಅಚ್ಚಿನವರ ಬಣ್ಣದ ಬೊಟ್ಟುಗಳು. ಬೊಟ್ಟುಗಳ ನಡುವೆ ಕಂದು ಕಲೆಗಳು ಎದ್ದಿದ್ದವು. ಒಂದು ಕಲೆ ತೂತಿನ ಸಾಲಿನ ಹಲ್ಲುಗಳವರೆಗೂ ಬಂದು ನಿಂತಿತ್ತು.

ಆಗ ಗಂಡನ ಮಾತು ಕಾಡತೊಡಗಿತು. ದೇಖ್ ಕೋ ಎಂದರೆ ನೋಡಿ, ನಿಕಾಲ್ ಎಂದರೆ ತೆಗೆ. ಸರಿ, ಏನನ್ನು ತೆಗೆ? ಕಿನಾರಾ ಜೋಪಾನವಾಗಿ ನೋಡಿಕೊಂಡು ಸ್ಟಾಂಪನ್ನು ಹೊರಗೆ ತೆಗೆ ಎಂದನೋ, ಕಲೆ ನೋಡಿ ಕಿನಾರವನ್ನೇ ತೆಗೆದುಹಾಕು ಎಂದನೋ? ಡಬ್ಬಿಯಿಂದ ಸಕ್ಕರೆ ತೆಗೆಯುವುದೂ ತೆಗೆಯುವುದೇ, ಅಸ್ತರಿನ ಅಂಚು ತೆಗೆಯುವುದೂ ತೆಗೆಯುವುದೇ. ಇನ್ನೆರಡು ಮಾತು ಆಡಿದ್ದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು?

ತೂಬಾಳಿಗೆ ಫೋನ್ ಮಾಡಿದಳು. “ಅಬ್ಬಾನ್ನ ಈಗಷ್ಟೇ ಒಳಗೆ ಕರ್ಕೊಂಡ್ಹೋದ್ರು ಅಮ್ಮಿ. ಯಾಕೆ, ಏನಾಯ್ತು?”

“ಏನೂ ಇಲ್ಲ ಬಿಡು,” ಎಂದು ಇಟ್ಟಳು.

ಗಂಡನ ಸ್ಟಾಂಪು ಗೆಳೆಯ ಪಂಚಾಕ್ಷರಿ ನೆನಪಾದರು. ಗದಗಿನ ಕಡೆಯವರು, ಇಂದಿರಾನಗರದಲ್ಲಿ ಕಚೇರಿ. ಅವರು ಸಮಾಧಾನವಾಗಿಯೇ ಹೇಳಿದರು. “ಭಾಭಿ, ಅಂಚು ಇದ್ರನ ಅದಕ್ಕ ಕಿಮ್ಮತ್ತು. ಹರಿಬ್ಯಾಡ್ರಿ.”

“ಅಲ್ಲಾ, ಕಲೆ ಇದೆ, ಒಳಗಡೆ ಬರ್ತಾ ಇದೆ.”

“ಹೌದೇನ್ರಿ? ಹಂಗಿದ್ರ ತೆಗಿಯೂದ ಛಲೋ ನೋಡ್ರಿ, ಇಲ್ಲಾಂದ್ರ ಸ್ಟಾಂಪಿಗೂ ಹತ್ತತೈತಿ. ಆದ್ರ ಒಮ್ಮೆ ಹರಿದ್ರ ಮುಗೀತು. ವಾಜಿದ್‌ಭಾಯಿನ್ನ ಒಂದು ಮಾತು ಕೇಳ್ರಿ.”

ಕೇಳುವ ಹಾಗಿದ್ದರೆ ಇವರಿಗ್ಯಾಕೆ ಫೋನ್ ಮಾಡುತ್ತಿದ್ದಳು! ಗಂಟೆ ಮೂರಾಯಿತು. ಹರಿದರೆ ಮತ್ತೆ ಅಂಟಿಸಲಾಗದು. ಹರಿಯದಿದ್ದರೆ ಕಲೆ ಒಳಗೆ ಬಂದು ಸ್ಟಾಂಪನ್ನೇ ತಿನ್ನಬಹುದು. ಸ್ಟಾಂಪು ಹೋದರೆ ಹೋಗಲಿ. ಮೂವತ್ತೊಂದು ವರ್ಷಕ್ಕೆ ಒಮ್ಮೆ ಕೈಗೆ ಕೊಟ್ಟದ್ದನ್ನು ಮತ್ತೆ ಕೆಡಿಸಿದಳು ಎಂದಾಗಬಾರದು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಅಂಚನ್ನು ಮಡಚಲು ಹೋದ ಬೆರಳು ತಾನಾಗಿ ಹಿಂದೆ ಬಂತು. ಅಂಗೈ ಬೆವರುತ್ತಿತ್ತು, ಬೆವರು ತಾಗಿದರೆ ಸ್ಟಾಂಪಿನ ಹಿಂದಿನ ಗೋಂದು ಕೆಡುತ್ತದೆಂದು ಎದ್ದು ಮತ್ತೆ ಕೈ ತೊಳೆದು ಬಂದಳು.

ಸ್ಟಾಂಪು ಹಿಡಿಯುವ ಚಿಮಟ ಹುಡುಕುತ್ತ ಆಲ್ಬಮ್ಮಿನ ಹಿಂದಿನ ರಟ್ಟಿನ ಜೇಬಿಗೆ ಕೈ ಹಾಕಿದಾಗ ಒಂದು ತೆಳು ಕಾಗದದ ಕವರು ಸಿಕ್ಕಿತು. ಒಳಗೆ ಖಾಲಿ ಕಾಗದದ ಪಟ್ಟಿಗಳು. ಎಣಿಸಿದಳು, ಹನ್ನೆರಡು. ಕವರಿನ ಮೇಲೆ ಪೆನ್ಸಿಲಿನಲ್ಲಿ ಅವನ ಕೈಬರಹದ ತಾರೀಕು, ಅವರ ಮದುವೆಯಾದ ಮೂರನೇ ತಿಂಗಳಿನದು.

ಬುಟ್ಟಿಯಿಂದ ಆರಿಸಿ ತೆಗೆದಿಟ್ಟಿದ್ದಾನೆ! ಚಿಂದಿ ಬಟ್ಟೆಯ ನಡುವೆ ಕೈ ಹಾಕಿ, ಒಂದೊಂದನ್ನೇ ಹೆಕ್ಕಿ, ಇಷ್ಟು ಕಾಲ ಸಾಕ್ಷಿಯಂತೆ ಕಾಪಾಡಿದ್ದಾನೆ. ಅವಳಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಕೆಟ್ಟ ಕೋಪ ಬಂತು. ಒಂದು ಮಾತು ಬೈಯಲಾರದೆ ಇಷ್ಟು ದೊಡ್ಡ ಲೆಕ್ಕ ಇಟ್ಟುಕೊಂಡನಲ್ಲ ಎಂದು ಕಣ್ಣು ತುಂಬಿತು. ಇನ್ನು ಹರಿಯುವ ಮಾತೇ ಇಲ್ಲ. ಕಲೆಸಮೇತ, ಕಿನಾರಸಮೇತ ಸ್ಟಾಂಪನ್ನು ಹಾಳೆಗೆ ಕೂರಿಸಿ, ಆಟೋ ಹತ್ತಿದಳು. ಹಲಸೂರು ಕೆರೆಯ ಪಕ್ಕದ ಟ್ರಾಫಿಕ್ಕಿನಲ್ಲಿ ಹಾಳೆಗಳನ್ನು ಎದೆಗೆ ಅವುಚಿಕೊಂಡೇ ಕೂತಿದ್ದಳು. ಐದಕ್ಕೆ ಹತ್ತು ನಿಮಿಷವಿತ್ತು. ಹಾಳೆ ತೆಗೆದುಕೊಳ್ಳುತ್ತಿದ್ದ ಹೆಂಗಸು ಕೊನೆಯ ಹಾಳೆ ನೋಡಿ, “ಕಲೆ ಇದ್ಯಲ್ಲಮ್ಮಾ,” ಎಂದರು.

“ಇರ್ಲಿ, ಹಂಗೇ ಇರ್ಲಿ,” ಎಂದಳು ಶರ್ಫುನ್ನೀಸಾ.

ಸಂಜೆ ಏಳಕ್ಕೆ ವಾಜಿದ್ ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ. ಚಹಾ ಕೈಗೆ ಬರುವ ಮೊದಲೇ ಕೇಳಿದ. “ಕಿನಾರಾ ತೆಗೆದ್ಯಾ?”

ಅವಳು ಚಹಾದ ಲೋಟ ಕೆಳಗಿಟ್ಟಳು. “ಇಲ್ಲ. ನೀವು... ಹರೀಬೇಕು ಅಂತಾನಾ ಹೇಳಿದ್ದು?”

“ಮತ್ತೇನು? ಕಲೆ ಹಬ್ತಾ ಇತ್ತಲ್ಲ. ಹೋಗ್ಲಿ, ಹಾಳೆ ವಾಪಸ್ ಬಂದ್ಮೇಲೆ ತೆಗಿ. ನಿನ್ನಷ್ಟು ನೇರ ಹರಿಯೋಕೆ ನನ್ನ ಕೈಯಲ್ಲಿ ಆಗಲ್ಲ.”

ಶರ್ಫುನ್ನೀಸಾ ಎದ್ದುಹೋಗಿ ಆ ಕವರು ತಂದು ಅವನ ಮುಂದೆ ಇಟ್ಟಳು. “ಹಂಗಾದ್ರೆ ಇದನ್ನ ಯಾಕೆ ಇಟ್ಕೊಂಡಿದೀರಾ? ದಿನಾ ನೋಡಿ ನನ್ನ ಬೈಕೊಳ್ಳೋಕಾ?”

ವಾಜಿದ್ ಒಂದು ಪಟ್ಟಿಯನ್ನು ಒಳ್ಳೆಯ ಕಣ್ಣಿನ ಹತ್ತಿರಕ್ಕೆ ಹಿಡಿದ. “ಹಲ್ಲು ನೋಡು. ಹನ್ನೆರಡರಲ್ಲಿ ಒಂದೂ ಮುರಿದಿಲ್ಲ. ನಾನು ಇಷ್ಟು ವರ್ಷ ಜೋಡಿ ಸ್ಟಾಂಪು ಬಿಡಿಸೋಕೆ ಪ್ರಯತ್ನ ಮಾಡಿದೀನಿ, ಹೀಗೆ ಬಂದಿಲ್ಲ. ಆವತ್ತು ಕೋಪ ಬಂದಿತ್ತು, ಸುಳ್ಳ್ಯಾಕೆ ಹೇಳ್ಲಿ? ಎರಡು ದಿನ ಇತ್ತು. ಆಮೇಲೆ ನಿಂಗೆ ತೋರಿಸ್ಬೇಕು ಅಂತಾನೇ ಎತ್ತಿಟ್ಟೆ. ಅಷ್ಟರಲ್ಲಿ ನೀನು ಆಲ್ಬಮ್ ಹತ್ರ ಬರೋದನ್ನೇ ಬಿಟ್ಬಿಟ್ಟೆ.”

ಅವಳು ಬೀರುವಿನ ಮೇಲ್ಗಡೆ ನೋಡಿದಳು. ಆಲ್ಬಮ್ಮಿನ ಸುತ್ತ ಒರೆಸದೆ ಬಿಟ್ಟ ಜಾಗದ ಧೂಳಿನ ಅಂಚು ಇಲ್ಲಿಂದಲೇ ಕಾಣುತ್ತಿತ್ತು.

“ಇದನ್ನ ಮೂರನೇ ದಿನ ಹೇಳೋಕೆ ಏನಾಗಿತ್ತು ನಿಮಗೆ?” ಎಂದಳು.